ಮುಳ್ಳಿಗೊಂದು ಹನಿ

ಹನುಮಕ್ಕ ಸಿಸ್ಟರ್ ಕುಂತಿದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ಒಂದು ಸಲ ನಮ್ಮ ಪಡಸಾಲೆಯಲ್ಲಿ, ಮೀನಿನ ಬಕೆಟ್ಟಿನ ಪಕ್ಕ. ಇನ್ನೊಂದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಸಿಸ್ಟರ್ ಸಿರುಗುಪ್ಪದವರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸಾಗಿದ್ದು ರಿಟೈರಾಗಿದ್ದರು. ಮದುವೆ ಆಗಿರಲಿಲ್ಲ. ಚಹಾ ಕುಡಿಯುವುದು ನಿಂತೇ, ಊಟ ಕಟ್ಟೆಯ ಮೇಲೆ ತಾಟಿಟ್ಟುಕೊಂಡು ನಿಂತೇ. ಟಿವಿ ಸೀರಿಯಲ್ಲನ್ನೂ ಬಾಗಿಲಿಗೆ ಒರಗಿ ನಿಂತು ನೋಡಿ, ಅತ್ತೆ ಪಾತ್ರದವಳನ್ನು ಬೈದು ಒಳಗೆ ಹೋಗುತ್ತಿದ್ದರು. ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಂಡಿರುತ್ತಿದ್ದರು. ಯಾರ ಕೈ ಸಿಕ್ಕರೂ ಹಿಡಿದು ನಾಡಿ ಎಣಿಸುವುದೇ. ಹಾಲಿನವನನ್ನೂ ಬಿಟ್ಟವರಲ್ಲ. ನಾವು ಕುರ್ಚಿ ಎಳೆದುಕೊಟ್ಟರೆ, "ನಿಂತ ಗಡಿಯಾರ, ಕುಂತ ನರ್ಸು, ಎರಡೂ ಕೆಲಸಕ್ಕ ಬರಂಗಿಲ್ಲಪಾ" ಎಂದು ನಗುತ್ತಿದ್ದರು.

ನನ್ನದು ಇನ್ನೊಂದು ಥರ. ನನಗೆ ನಿಲ್ಲಲೂ ಬರುವುದಿಲ್ಲ, ಕುಂದ್ರಲೂ ಬರುವುದಿಲ್ಲ. ಕುಕ್ಕರ್ ತಣ್ಣಗಾಗುವ ಮೊದಲೇ ಸೀಟಿ ಎತ್ತಿ ಮುಖ ಸುಟ್ಟುಕೊಂಡವನು ನಾನು. ರೈಲ್ವೆ ಗೇಟು ಬಿದ್ದರೆ ಸಾಕು, ಗಾಡಿ ತಿರುಗಿಸಿ ಮೂರು ಮೈಲಿ ಸುತ್ತು ಹಾಕುತ್ತೇನೆ, ಒಟ್ಟಿನಲ್ಲಿ ಚಕ್ರ ಉರುಳುತ್ತಿರಬೇಕು. ಮೊದಲ ದಿನ ನನ್ನ ನಾಡಿ ಹಿಡಿದ ಸಿಸ್ಟರ್, "ಎರ್ರಿಸ್ವಾಮಿ, ನಿನ್ನ ಒಳಗ ಯಾವುದೋ ಬಸ್ಸು ತಪ್ಪಾಕತ್ತೈತಿ ನೋಡು" ಅಂದಿದ್ದರು. ಪಾರ್ವತಿ, ನನ್ನ ಹೆಂಡತಿ, ಅಡುಗೆಮನೆಯಿಂದಲೇ "ದಿನಾ ತಪ್ತೈತ್ರಿ" ಅಂದಳು.

ಪಾರ್ವತಿಯ ತವರು ಕುರುಗೋಡು. ಅವಳಪ್ಪ ಅಲ್ಲಿ ಟೇಲರ್. ಹೊಲಿಗೆ ಮಷೀನಿನ ಪಕ್ಕ ಒಂದು ಕಲ್ಲಿನ ಬಾನಿ ಇಟ್ಟುಕೊಂಡು ಅದರಲ್ಲಿ ಕರಿ ಮೋಲಿ ಮೀನು ಸಾಕಿದ್ದರು. ಗಿರಾಕಿ ಇಲ್ಲದಾಗ ಮೀನಿನ ಜೊತೆ ಮಾತು. ಹೋದ ವರ್ಷ ತೀರಿಕೊಂಡರು. ತಮ್ಮಂದಿರು ಮಷೀನು, ಮಂಚ ಅಂತ ಹಂಚಿಕೊಳ್ಳುವಾಗ ಇವಳು ಒಂಬತ್ತು ಮೀನನ್ನು ಸ್ಟೀಲ್ ಕೊಡದಲ್ಲಿ ಹಾಕಿಕೊಂಡು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಅವು ಚೆನ್ನಾಗೇ ಇದ್ದವು. ಕೆಟ್ಟದ್ದು ನನ್ನ ಬುದ್ಧಿ.

ಮೊಬೈಲಿನಲ್ಲಿ ಸಮುದ್ರದ ಮೀನು ನೋಡಿದ್ದೆ. ಕಿತ್ತಳೆ ಮೈ, ಬಿಳಿ ಪಟ್ಟೆ. ಅಂಥದ್ದು ಸಾಕಬೇಕೆಂದು ತಲೆಗೆ ಹೊಕ್ಕಿತು. ಮೋಲಿ ಸಿಹಿನೀರಿನದಾದರೂ ಉಪ್ಪುನೀರಿಗೂ ಹೊಂದಿಕೊಳ್ಳುತ್ತದೆ, ಮೊದಲು ಅದನ್ನು ಬಿಟ್ಟು ತೊಟ್ಟಿ ಹದಕ್ಕೆ ತನ್ನಿ ಎಂದು ಅದರಲ್ಲೇ ಒಬ್ಬ ಹೇಳಿದ. 'ನಿಧಾನವಾಗಿ' ಅಂತಲೂ ಹೇಳಿದ್ದನಂತೆ. ಅಷ್ಟರಲ್ಲಿ ನಾನು ವಿಡಿಯೊ ಮುಂದಕ್ಕೆ ಓಡಿಸಿಬಿಟ್ಟಿದ್ದೆ.

ಸಮುದ್ರದ ಉಪ್ಪಿನ ಪ್ಯಾಕೆಟ್ ತರಿಸಿದೆ. ಪಾರ್ವತಿ ಸಂತೆಗೆ ಹೋದಾಗ ಮೀನನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯಲ್ಲಿ ಉಪ್ಪು ಕದಡಿದೆ. ನನ್ನದು ಇನ್ವರ್ಟರ್ ಬ್ಯಾಟರಿಯ ಅಂಗಡಿ. ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯಲು ಗಾಜಿನ ಹೈಡ್ರೋಮೀಟರ್ ಇರುತ್ತದೆ, ಒಳಗಿನ ಬೆಂಡು ತೇಲಿದರೆ ಸರಿ, ಮುಳುಗಿದರೆ ಸಾಲದು. ಇಪ್ಪತ್ತು ವರ್ಷ ಅದರಲ್ಲೇ ಬದುಕಿದವನಿಗೆ ಬೇರೆ ಅಳತೆ ಯಾಕೆ? ಅದನ್ನೇ ಅದ್ದಿದೆ. ಆಸಿಡ್ಡು ಸಮುದ್ರದ ನೀರಿಗಿಂತ ಎಷ್ಟೋ ಗಟ್ಟಿ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಬೆಂಡು ಮುಳುಗಿತು. ಪ್ಯಾಕೆಟ್ ಖಾಲಿ ಮಾಡಿದೆ. ಮುಳುಗೇ ಇತ್ತು. ಅಡುಗೆಮನೆಯ ಡಬ್ಬಿಯ ಹರಳುಪ್ಪನ್ನೂ ಸುರಿದೆ. ಬೆಂಡು ತುಸು ಎದ್ದಿತು. ನಾನೂ ಎದ್ದು, ಐದು ಮೀನನ್ನು ಹಿಡಿದು ಒಳಗೆ ಬಿಟ್ಟೆ.

ಅವು ಈಜಲಿಲ್ಲ. ನಡುಗಿದವು, ಮೇಲಕ್ಕೆ ಹಾರಿದವು, ಹೊಟ್ಟೆ ತಿರುವಿದವು. ನನ್ನ ಕೂಗಿಗೆ ಸಿಸ್ಟರ್ ಓಡಿ ಬಂದು ಎತ್ತಿ ಬಕೆಟ್ಟಿಗೆ ಹಾಕುವಷ್ಟರಲ್ಲಿ ಐದೂ ಹೋಗಿದ್ದವು. ಸಿಸ್ಟರ್ ತೊಟ್ಟಿಯಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿ ಥೂ ಎಂದು ಉಗಿದರು.

"ಸಮುದ್ರ ಅಲ್ಲೋ ಇದು, ಉಪ್ಪಿನಕಾಯಿ ನೀರು! ಆಸಿಡ್ ಕುಡಿದ ಕೊಳವಿ ಬ್ಯಾರೆ ಅದ್ದೀಯಲ್ಲ, ಏನನ್ನಬೇಕು ನಿನಗ?"

ಪಾರ್ವತಿ ಬಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚೀಲ ಇಟ್ಟು, ಐದನ್ನೂ ಎತ್ತಿ ಸೆರಗಿನಲ್ಲಿ ಹಾಕಿಕೊಂಡು ಹಿತ್ತಲಲ್ಲಿ ಹೂತು ಬಂದಳು. "ಇನ್ನೂ ನಾಕು ಅದಾವು. ಅವನ್ನೂ ಕೊಲ್ರಿ" ಅಂದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ, ತಾಟು ಇಡುವ ಸಪ್ಪಳ ಅಷ್ಟೇ.

ನನಗೆ ಸಮುದ್ರವೂ ಬೇಡ, ಏನೂ ಬೇಡ ಅನ್ನಿಸಿತು. ಸಿಸ್ಟರ್ ಎದುರು ಹಾಗೆಯೇ ಅಂದೆ. ಆಗ ಪಾರ್ವತಿಯೇ ಬಾಯಿ ಬಿಟ್ಟಳು, ನನಗಲ್ಲ, ಸಿಸ್ಟರಿಗೆ. "ನಮ್ಮಪ್ಪ ಸಾಯೂತನಕ ಒಮ್ಮೆ ಸಮುದ್ರ ನೋಡಬೇಕು ಅಂತಿದ್ದ್ರಿ. ಕುರುಗೋಡು ದಾಟಿ ಬಳ್ಳಾರಿಗೆ ಬಂದದ್ದ ದೊಡ್ಡದಾತು. ಅವನ ಮೀನಾದರೂ ಆ ನೀರು ಕಾಣಲಿ. ಆದ್ರ ಒಂದೂ ಸಾಯಬಾರದು."

"ನಿದಾನಮೇ ಪ್ರಧಾನಂ," ಅಂದರು ಸಿಸ್ಟರ್. ಆಂಧ್ರದ ಕಡೆಯ ರೋಗಿಗಳಿಗೆ ಹೇಳಿ ಹೇಳಿ ಆ ತೆಲುಗು ಅವರ ಬಾಯಲ್ಲೇ ಉಳಿದಿತ್ತು. "ನಾ ಹೇಳಿದಂಗ ಕೇಳಬೇಕು ನೋಡು ಎರ್ರಿಸ್ವಾಮಿ. ಮನುಷ್ಯಾರ ಮೈಯಾಗ ಉಪ್ಪು ಕಡಿಮಿ ಆದ್ರೂ ಹನಿಹನಿಯಾಗಿ ಏರಸ್ತೀವಿ. ಮೀನಿಗೆ ಬ್ಯಾರೆ ನ್ಯಾಯ ಇಲ್ಲ."

ಹೊಸ ಉಪ್ಪು ಬಂತು, ಮೀನಿನವರ ಅಳತೆಯ ಕೊಳವೆಯೂ ಬಂತು. ತೊಟ್ಟಿಯನ್ನು ಸಿಸ್ಟರೇ ಏಳು ಸಲ ತೊಳೆದರು. ಹದವಾದ ಉಪ್ಪುನೀರು ಮೇಲೆ ತೊಟ್ಟಿಯಲ್ಲಿ, ಸಿಹಿನೀರಿನ ಬಕೆಟ್ಟಿನಲ್ಲಿ ನಾಲ್ಕು ಮೀನು ಕೆಳಗೆ. ಎರಡರ ನಡುವೆ ಮೆಡಿಕಲ್ ಶಾಪಿನಿಂದ ತಂದ ಗ್ಲೂಕೋಸ್ ಏರಿಸುವ ಪೈಪು. ಅದರ ಪುಟ್ಟ ಗಾಲಿಯನ್ನು ತಿರುವಿ, ಗಡಿಯಾರ ನೋಡುತ್ತಾ ಸಿಸ್ಟರ್ ಹನಿ ಕಟ್ಟಿದರು. ಸೆಕೆಂಡಿನ ಮುಳ್ಳು ಒಮ್ಮೆ ಜಿಗಿದರೆ ಒಂದು ಹನಿ. ಬೆಳಗಿನಿಂದ ಸಂಜೆತನಕ. ಸಂಜೆ ಅಷ್ಟು ನೀರು ತೆಗೆದು ಚೆಲ್ಲುವುದು, ಮರುದಿನ ಮತ್ತೆ. ಹೀಗೆ ಐದು ದಿನ. "ನೀ ಕುಂತು ಎಣಸು. ಹನಿ ಜಾಸ್ತಿ ಆದ್ರ ನನ್ನ ಕರಿ" ಅಂದರು.

ಅಯ್ಯೋ, ಅದೇನು ಶಿಕ್ಷೆ! ಟಪ್, ಟಪ್, ಟಪ್. ಅಂಗಡಿಯಿಂದ ಫೋನು. ಕಾಲು ತಾನಾಗಿ ಕುಣಿಯುತ್ತಿತ್ತು. ಮೊದಲ ದಿನ ಹೇಗೋ ಕಳೆದೆ. ಎರಡನೇ ದಿನ ಸಿಸ್ಟರ್ ಸ್ನಾನಕ್ಕೆ ಹೋಗಿದ್ದರು, ಪಾರ್ವತಿ ಹಿಟ್ಟಿನ ಗಿರಣಿಗೆ. ಮೀನು ಆರಾಮಾಗಿ ಓಡಾಡುತ್ತಿದ್ದವು. ಇಷ್ಟು ಆರಾಮಿದ್ದ ಮೇಲೆ ಇನ್ನೂ ಮೂರು ದಿನ ಯಾಕೆ? ಗಾಲಿ ತಿರುವಿಬಿಟ್ಟೆ. ಹನಿ ಹೋಗಿ ಧಾರೆಯಾಯಿತು.

ಸಿಸ್ಟರ್ ಒದ್ದೆ ಕೂದಲಲ್ಲೇ ಬಂದರು. ಬಾಗಿಲಲ್ಲೇ ಸಪ್ಪಳ ಕೇಳಿರಬೇಕು. ಗಾಲಿ ಬಿಗಿದರು, ಲೋಟದಿಂದ ಸಿಹಿನೀರು ಸ್ವಲ್ಪ ಸ್ವಲ್ಪವೇ ಹಾಕಿದರು. ಒಂದು ಮೀನು ಆಗಲೇ ತಳದಲ್ಲಿ ಮಗ್ಗುಲಾಗಿತ್ತು. ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ. ಅವರು ಬಕೆಟ್ಟಿನ ಪಕ್ಕ ನೆಲದ ಮೇಲೆ ಕುಂತುಬಿಟ್ಟರು.

"ನೌಕರಿ ಸೇರಿದ ಹೊಸದು," ಅಂದರು, ನನ್ನ ಮುಖ ನೋಡದೆ. "ತೆಕ್ಕಲಕೋಟಿ ಕಡೀ ಹೆಣಮಗಳು. ಮೈಯಾಗ ಉಪ್ಪು ಇಳದಿತ್ತು. ಹನಿಹನಿ ಏರಸೋ ಉಪ್ಪುನೀರಿನ ಬಾಟ್ಲಿ ಮುಗಿಯೂತನಕ ನಾ ಅಲ್ಲಿ ಇರಬೇಕಿತ್ತು. ಎರಡು ಡ್ಯೂಟಿ ಒಂದ ಸವನ ಮಾಡಿದ್ದೆ, ಕಾಲು ಬಿದ್ದು ಹೋಗಿದ್ದವು. ಒಂದೀಟು ಕುಂದ್ರಬೇಕು ಅನ್ನಿಸ್ತು. ಗಾಲಿ ತಿರುವಿದೆ. ಲಗೂನ ಮುಗೀತು. ಆಕಿ ಅವತ್ತು ಎದ್ದು ಕುಂತು ನಕ್ಕಳು. ಉಪ್ಪು ಒಮ್ಮಿಗೇ ಏರಿತ್ತು, ನಾಕು ದಿನಕ್ಕ ಮಾತು ನಿಂತವು, ಕೈಕಾಲು ನಿಂತವು. ಆಕಿ ಗಂಡ ನನಗ ಕೈ ಮುಗದು ಹೋದ, ಚೆಂದ ನೋಡಿಕೊಂಡ್ರಿ ಅಂತ. ನಾ ಹೇಳಲಿಲ್ಲ. ಯಾರ ಮುಂದೂ ಹೇಳಿಲ್ಲ."

ಆಮೇಲೆ ನನ್ನ ಮೊಣಕಾಲು ಹಿಡಿದು ಎದ್ದರು. "ಪಾರ್ವತಿ ಬಂದ ಕೂಡಲೆ ನೀನ ಹೇಳು. ಇಲ್ಲಂದ್ರ ಜನ್ಮಪೂರ್ತಿ ನಿಂತಿರಬೇಕಾಗ್ತೈತಿ."

ಹೇಳಿದೆ. ಆ ಮೀನು ಮರುದಿನ ಬೆಳಿಗ್ಗೆ ಹೋಯಿತು. ಪಾರ್ವತಿ ಅದನ್ನೂ ಹೂತು ಬಂದು, ಕೈ ತೊಳೆದು, "ಮೂರು ಅದಾವಲ್ಲ. ಈಗರ ಕುಂದ್ರಿ" ಅಂದಳು. ಅಷ್ಟು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು! ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಅಂಗಡಿಗೆ ಬೀಗ ಹಾಕಿ ಬಂದು ಕುಂತೆ. ಕಾಲು ಕುಣಿಯುವಾಗ ಕೈಯಿಂದ ಹಿಡಿದುಕೊಂಡು ಕುಂತೆ. ಐದಾಗಬೇಕಿದ್ದುದು ಏಳು ದಿನವಾಯಿತು. ಏಳನೇ ದಿನ ಮೂರೂ ಉಪ್ಪುನೀರಿನ ತೊಟ್ಟಿಗೆ ಇಳಿದವು, ಒಂದು ಸುತ್ತು ಹೊಡೆದವು, ಗಾಜಿಗೆ ಮೂತಿ ಹಚ್ಚಿ ಊಟ ಕೇಳಿದವು. ಸಿಸ್ಟರ್ ನನ್ನ ನಾಡಿ ಹಿಡಿದು ನೋಡಿ, "ಬಸ್ಸು ಸಿಕ್ಕಂಗೈತಿ" ಅಂದರು. ಎರಡು ತಿಂಗಳಿಗೆ ಅದೇ ನೀರಲ್ಲಿ ಮರಿಗಳಾದವು. ಕಿತ್ತಳೆ ಮೀನು ನಾನು ತರಲೇ ಇಲ್ಲ.

ಆಮೇಲೆ ಮೊಣಕಾಲು ಸೋತು ಸಿಸ್ಟರ್ ಸಿರುಗುಪ್ಪಕ್ಕೆ, ತಮ್ಮನ ಮನೆಗೆ ಹೋದರು. ಹೋಗುವ ದಿನವೂ ಆಟೋ ಬರುವತನಕ ಗೋಡೆ ಹಿಡಿದು ನಿಂತೇ ಇದ್ದರು. ಫೋನಿನಲ್ಲಿ ಮರಿಗಳ ಸುದ್ದಿ ಕೇಳುವರು. ಈ ಭಾನುವಾರ ಬರ್ತೀನಿ, ಮುಂದಿನ ಭಾನುವಾರ ಬರ್ತೀನಿ ಅನ್ನುತ್ತಿದ್ದೆ. ಎಲ್ಲದಕ್ಕೂ ಅವಸರ ಮಾಡುವ ನಾನು ಇದೊಂದಕ್ಕೆ ತಡ ಮಾಡಿದೆ. ಒಂದು ಬೆಳಿಗ್ಗೆ ಅವರ ತಮ್ಮ ಫೋನ್ ಮಾಡಿ, "ಅಕ್ಕ ಹೋದಳ್ರಿ, ಮಲಗಿದಲ್ಲೇ" ಅಂದರು.

ನಾನೂ ಪಾರ್ವತಿಯೂ ಹೋದೆವು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಸಿಸ್ಟರನ್ನೂ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ತಲೆ ವಾಲದಂತೆ ಬಟ್ಟೆ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ಗಡಿಯಾರ ಕೈಯಲ್ಲೇ ಇತ್ತು, ಗೊತ್ತಿಲ್ಲದ ಯಾರೋ ಹೊರಮಗ್ಗುಲಿಗೆ ಕಟ್ಟಿದ್ದರು. ಪಾರ್ವತಿ ಹೋಗಿ ಅದನ್ನು ಒಳಮಗ್ಗುಲಿಗೆ ತಿರುಗಿಸಿ ಬಂದಳು.

ಅಂಗಳದ ತುಂಬ ಜನ ಕುಂತಿದ್ದರು. ಹಿರಿಯರೊಬ್ಬರು ಚಾಪೆಯ ಮೇಲೆ ಸರಿದು ಜಾಗ ಮಾಡಿ, "ಬಿಸಿಲಾಗ ದೂರದಿಂದ ಬಂದೀಯ, ಕುಂದ್ರಪಾ" ಅಂದರು.

"ಬ್ಯಾಡ್ರಿ," ಅಂದೆ. "ಇವತ್ತು ನಾ ನಿಂತಿರ್ತೀನಿ. ಅವರು ಕುಂದರಲಿ."