ಚಾಪೆಯಡಿ ಕೂತ ಲೇವಾಸ

ಸವಾಯಿ ದ್ವೀಪದ ಆ ಹಳ್ಳಿಯಲ್ಲಿ ಗತ್ತು ಅಂದರೆ ಲೇವಾಸನದು. ಐವತ್ತೆಂಟು ವಯಸ್ಸು, ಮನೆತನದ ಯಜಮಾನ, ಚರ್ಚಿನಲ್ಲಿ ಹಿರಿಯ. ಸಭೆಯಲ್ಲಿ ಅವನು ಕೆಮ್ಮಿದರೆ ಉಳಿದವರ ಮಾತು ನಿಲ್ಲುತ್ತಿತ್ತು. ಜೀವಮಾನದಲ್ಲಿ ಯಾರ ಮುಂದೆಯೂ ‘ತಪ್ಪಾಯ್ತು’ ಅಂದವನಲ್ಲ. ಹಾಗನ್ನಬೇಕಾದಾಗಲೆಲ್ಲ ದೇವರ ಹೆಸರು ಹೇಳಿ ನುಣುಚಿಕೊಳ್ಳುತ್ತಿದ್ದ.

ಮನೆಯ ಲಾರಿಯ ವಿಷಯದಲ್ಲಿ ಆದದ್ದೂ ಅದೇ. ತಮ್ಮ ಸಮೂಏಲು ಮೂರು ಸಲ ಬಂದು ಗೋಗರೆದಿದ್ದ. “ಅಣ್ಣಾ, ಬ್ರೇಕ್ ಹಿಡೀತಿಲ್ಲ, ರಿಪೇರಿ ಮಾಡ್ಸೋಣ.”

“ದೇವರಿದ್ದಾನೆ, ಓಡ್ಸೋ! ನಿನಗೆ ನಂಬಿಕೇನೇ ಇಲ್ಲ ನೋಡು.”

ನಂಬಿಕೆಯಂತೆ, ಮಣ್ಣು! ಶುದ್ಧ ಸೋಮಾರಿತನ. ಗುರುವಾರ ಕೆಸುವಿನ ಗೆಡ್ಡೆ ಹೇರಿಕೊಂಡು ಇಳಿಜಾರಿನಲ್ಲಿ ಸಮೂಏಲು ಓಡಿಸಿಕೊಂಡು ಬರುತ್ತಿದ್ದ ಲಾರಿ ಪಕ್ಕದ ಹಳ್ಳಿಯ ತೋಮಾಸಿಯ ಮೇಲೆ ಹರಿಯಿತು. ಅವನು ಅಲ್ಲೇ ಸತ್ತ. ಸಮೂಏಲುವನ್ನು ಪೊಲೀಸರು ಕರೆದೊಯ್ದರು. ಬ್ರೇಕಿನ ಮಾತನ್ನು ಅಣ್ಣನ ಮಾನ ಉಳಿಸಲು ಅವನು ಬಾಯಿ ಬಿಡಲಿಲ್ಲ.

ಇಂಥದ್ದಾದಾಗ ಯಜಮಾನ ಏನು ಮಾಡಬೇಕೆಂದು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ನಸುಕಿಗೇ ಹೋಗಿ ಸತ್ತವರ ಮನೆಯೆದುರು ನೆಲದ ಮೇಲೆ ಕೂತು, ಮನೆತನದ ನವಿರು ಚಾಪೆಯನ್ನು ತಲೆ ಮುಚ್ಚುವಂತೆ ಹೊದೆಯಬೇಕು. ಮುಂದೆ ಸೌದೆ, ಒಲೆಯ ಕಲ್ಲು ಇಡಬೇಕು. ಬೇಯಿಸಿ ತಿಂದರೂ ಸರಿಯೇ ಅಂತ ಅದರರ್ಥ. ಆ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಎರಡು ಹಳ್ಳಿಗಳ ನಡುವೆ ಇನ್ನಷ್ಟು ಹೆಣ ಬೀಳುತ್ತವೆ.

“ಭಾಷಣ ಗೀಷಣ ಬೇಡ ಕಣ್ರೀ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ,” ಅಂದಳು ಹೆಂಡತಿ ಎಲಿಸಾಪೆತಾ.

ಮಾರನೆಯ ನಸುಕಿಗೇ ಹೋಗಿ ಚಾಪೆ ಹೊದ್ದು ಕೂತ. ಅವನ ಮನೆಯ ಗಂಡಸರೂ ಹೆಂಡತಿಯೂ ಹಿಂದೆ ಕೂತರು. ಬಿಸಿಲೇರಿತು. ಬೆವರು ಕಣ್ಣಿಗಿಳಿಯಿತು. ಒಳಗೊಳಗೇ ದೇವರಿಗೆ ಲೆಕ್ಕ ಒಪ್ಪಿಸಿದ: ರಸ್ತೆ ಒದ್ದೆಯಿತ್ತು, ತಮ್ಮ ಜೋರಾಗಿ ಓಡಿಸಿದ, ತೋಮಾಸಿ ನೋಡದೆ ದಾಟಿದ. ಒಂದೂ ನಿಲ್ಲಲಿಲ್ಲ. ಕೊನೆಗೆ, “ಸ್ವಾಮಿ, ಕೊಂದದ್ದು ನಾನೇ. ಇನ್ನು ನೀನು ಮಾಡಿದ ಹಾಗೆ,” ಅಂದ.

ಸತ್ತವನ ತಮ್ಮ ಅಪೇಲು ಹೊರಗೆ ಬಂದ. ಒಲೆಯ ಕಲ್ಲುಗಳಲ್ಲೇ ಒಂದನ್ನೆತ್ತಿ ಬೀಸಿದ. ಅದು ಲೇವಾಸನ ಭುಜಕ್ಕೆ ಬಡಿಯಿತು. ಹಿಂದೆ ಕೂತಿದ್ದ ಲೇವಾಸನ ಕಡೆಯ ಗಂಡಸರು ಧಡಕ್ಕನೆ ಎದ್ದರು.

“ಕೂತ್ಕೊಳ್ರೋ!” ಚಾಪೆಯ ಕೆಳಗಿಂದ ದನಿ ಬಂತು. “ಕೈ ಎತ್ತಿದವನು ನಮ್ಮ ಮನೆಯವನಲ್ಲ.”

“ಏನೋ ದೊಡ್ಡ ಮನುಷ್ಯ, ಈಗ ಮುಖ ಮುಚ್ಕೊಂಡ್ಯಾ?” ಅಂದ ಅಪೇಲು.

“ಬ್ರೇಕ್ ಕೆಟ್ಟಿದ್ದು ನನಗೆ ಗೊತ್ತಿತ್ತು ಅಪೇಲು. ಸಮೂಏಲು ಬೇಡ ಅಂದ. ಓಡ್ಸು ಅಂದವನು ನಾನು. ಹೊಡೆಯೋದಾದ್ರೆ ನನಗೆ ಹೊಡಿ, ಅವನನ್ನ ಬಿಟ್ಬಿಡು.”

ಎಲಿಸಾಪೆತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮಾತು ಬೇಡ ಅಂದಿದ್ದಳಲ್ಲ, ಆಡಬಾರದ್ದನ್ನೇ ಆಡಿದ್ದ. ಅಪೇಲು ಎರಡನೇ ಕಲ್ಲು ಎತ್ತಿದ. ಇದು ದೊಡ್ಡದು.

ಅಷ್ಟರಲ್ಲಿ ತೋಮಾಸಿಯ ತಾಯಿ ತಾಲಿತಾ ಹೊರಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ಮಗನ ಶವದ ಬಳಿಯಿಂದ ಎದ್ದು ಬಂದವಳು. ಯಾರನ್ನೂ ನೋಡಲಿಲ್ಲ. ಲೇವಾಸನ ಪಕ್ಕ ಕುಸಿದು ಚಾಪೆಯ ಅಂಚು ಸರಿಸಿದಳು.

“ಏಳಬೇಡ. ಚೂರು ಜರುಗು.”

ಲೇವಾಸ ಜರುಗಿದ. ಅವಳು ಒಳಗೆ ಸೇರಿಕೊಂಡಳು.

“ಮನೆ ತುಂಬ ಜನ ಕಣೋ. ಅಳ್ಬೇಡ ಅಳ್ಬೇಡ ಅಂತ ಪ್ರಾಣ ತಿಂತಾರೆ,” ಅಂದಳು. ಆಮೇಲೆ ಅತ್ತಳು. ಅವನೂ ಅತ್ತ. ಹೊರಗಿದ್ದವರಿಗೆ ಎರಡು ದನಿ ಕೇಳುತ್ತಿತ್ತು, ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ.

ಅಪೇಲು ಕಲ್ಲು ಹಿಡಿದೇ ನಿಂತಿದ್ದ. “ಅಮ್ಮಾ, ಹೊರಗ್ ಬಾ.”

“ಬರಲ್ಲ. ಬೇಕಾದ್ರೆ ನೀನೇ ಎತ್ತು.”

ಬಹಳ ಹೊತ್ತಾಯಿತು. ಚಾಪೆಯಡಿ ಬಿಸಿಲಿಗೆ ಮುದುಕಿಯ ಉಸಿರು ಏರುತ್ತಿತ್ತು. ಅಪೇಲು ಕಲ್ಲನ್ನು ನೆಲಕ್ಕಿಟ್ಟ, ಬಗ್ಗಿದ, ಎರಡೂ ಕೈಯಲ್ಲಿ ಚಾಪೆ ಎತ್ತಿದ.