ಊಟಕ್ಕೆ ಬರುವ ಗೋಡೆ

ಬಾಡಿಗೆ ಮನೆ ನೋಡಲು ಬಂದವರು ಹೊಸ್ತಿಲು ದಾಟುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಹಾಲು ಎಷ್ಟಿದೆ?’ ತೊಂಬತ್ತರ ದಶಕದ ಪಾಂಡವಪುರದಲ್ಲಿ ಈ ಪದ ಎರಡು ಪದಾರ್ಥಗಳ ನಡುವೆ ಸಿಕ್ಕಿ ಒದ್ದಾಡುತ್ತಿತ್ತು. ‘ಹತ್ತು, ಹನ್ನೆರಡು’ ಎಂದು ನಾನು ಅಡಿಯ ಲೆಕ್ಕ ಹೇಳಿದರೆ, ‘ಒಂದೇ ಎಮ್ಮೆಗಾ?’ ಎಂದು ಕಣ್ಣರಳಿಸಿದ ಗೃಹಿಣಿಯೂ ಉಂಟು. ಆಕೆಯ ಭ್ರಮೆಯನ್ನು ಮುಂಗಡ ಕೊಡುವವರೆಗೆ ನಾನು ನಿವಾರಿಸಲಿಲ್ಲ ಎಂಬುದನ್ನು ಓದುಗ ಮಹಾಶಯರು ಮನ್ನಿಸಬೇಕು.

ಸಂತೆಬಾಚಹಳ್ಳಿಯ ಸಂತೆಯಲ್ಲಿ ಪಾತ್ರೆ ಮಾರುತ್ತ ಚೌಕಾಸಿಯ ಸಕಲ ಶಾಸ್ತ್ರಗಳನ್ನೂ ಕಲಿತು, ಮೂವತ್ತು-ನಲವತ್ತರ ನಿವೇಶನದಲ್ಲಿ ಮೇಲೆರಡು ಕೆಳಗೆರಡು ಮನೆ ಕಟ್ಟಿಸಿದವನು ನಾನು. ಪಾತ್ರೆಯೊಳಗೆ ಪಾತ್ರೆ ಇಟ್ಟು, ಒಂದರ ಜಾಗದಲ್ಲಿ ಏಳನ್ನು ಹೊತ್ತು ತಿರುಗಿದವನಿಗೆ, ಒಂದೇ ಕೋಣೆಯೊಳಗೆ ಒಂದಿಡೀ ಸಂಸಾರವನ್ನು ಜೋಡಿಸುವುದು ಕಷ್ಟವೇ? ನನ್ನ ಮನೆಗಳಲ್ಲಿ ಬಚ್ಚಲಿಗೂ ಅಡುಗೆಮನೆಗೂ ಒಂದೇ ಬಾಗಿಲು. ಸ್ನಾನ ಮಾಡುವಾಗ ಅದು ಇತ್ತ ಮುಚ್ಚುತ್ತದೆ, ಒಗ್ಗರಣೆ ಹಾಕುವಾಗ ಅತ್ತ. ಎರಡನ್ನೂ ಏಕಕಾಲದಲ್ಲಿ ಮಾಡುವ ಅಶಿಸ್ತಿನ ಕುಟುಂಬಗಳಿಗೆ ನಾನು ಮನೆ ಕೊಡುವುದಿಲ್ಲ. ಮನೆ ಕಟ್ಟಿಸುವವರಿಗೆ ನನ್ನ ಉಚಿತ ಸಲಹೆಯಿಷ್ಟೆ: ಒಂದೇ ಕೆಲಸ ಮಾಡುವ ವಸ್ತುವನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಈ ಸಿದ್ಧಾಂತಕ್ಕೆ ಅಗ್ನಿಪರೀಕ್ಷೆ ಬಂದದ್ದು ಕೆಳಗಿನ ಮನೆಯಿಂದ. ಅಲ್ಲಿದ್ದ ಬೋರೇಗೌಡ ಕೆ.ಆರ್.ಎಸ್.ನಲ್ಲಿ ನೀರಾವರಿ ನೌಕರ. ನಾಗಮಂಗಲಕ್ಕೆ ಕೊಟ್ಟಿದ್ದ ಅವನ ಒಬ್ಬಳೇ ಮಗಳು ಮಂಜುಳಾ ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ಆದರೆ ಅವಳ ಅತ್ತೆ ಕೆಂಪಮ್ಮ, ಬಾಣಂತಿಗೆ ಬೇರೆ ಕೋಣೆಯಿಲ್ಲದ ಮನೆಗೆ ಸೊಸೆಯನ್ನು ಕಳಿಸುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಬೋರೇಗೌಡನ ಹೆಂಡತಿ ಸಾಕಮ್ಮ ಬಂದು ನನ್ನ ಬಾಗಿಲಲ್ಲಿ ನಿಂತಳು.

“ಇರೋದೊಂದ್ ಎಣ್ಮಗ ಕಣಣ್ಣ. ಅದ್ರ ಬಾಣಂತನ ಮಾಡಾದೂ ನನ್ ಅಣೇಲಿ ಬರ್ದಿಲ್ವಾ? ನಿನ್ ಮನೇಲಿ ಬಾಗ್ಲೇ ಎರಡೆರಡು ಕೆಲ್ಸ ಮಾಡ್ತದೆ, ಒಂದ್ ಕೋಣೆ ಉಟ್ಟಾಕಿಲ್ವಾ?”

ಅವಳ ಕಣ್ಣು ತುಂಬಿತ್ತು. ನಾನು ಕೆಳಗಿಳಿದು ನೋಡಿದೆ. ಮೂಲೆಯಲ್ಲಿ, ಕೆ.ಆರ್.ಪೇಟೆ ಕಡೆಯ ಅವರ ಜಮೀನಿನಿಂದ ಬಂದಿದ್ದ ರಾಗಿ, ಭತ್ತದ ಹನ್ನೆರಡು ಮೂಟೆಗಳು ರಾಶಿ ಬಿದ್ದಿದ್ದವು. ಬೋರೇಗೌಡನೂ ನಾನೂ ಸೇರಿ ಅವನ್ನು ಹಾಲಿನ ನಡುವೆ, ಉದ್ದಕ್ಕೆ ಎರಡು, ಎತ್ತರಕ್ಕೆ ಆರರಂತೆ ಪೇರಿಸಿದೆವು. ಆಳೆತ್ತರದ ಗೋಡೆ ಎದ್ದಿತು. ಹಿಂದೆ ಬೆಚ್ಚನೆಯ, ಮಬ್ಬುಗತ್ತಲಿನ, ಯಾವ ಬಾಣಂತಿಯೂ ಹಂಬಲಿಸಬಹುದಾದ ಕೋಣೆ.

ಕೆಂಪಮ್ಮ ಪರಿಶೀಲನೆಗೆ ಬಂದರು. ಬೆರಳ ಗಿಣ್ಣಿನಿಂದ ಗೋಡೆಯನ್ನು ಕುಟ್ಟಿದರು.

“ಗೋಡೆ ತಿನ್ನೋ ಜನಾನ ನಾ ಕಾಣೆ. ಇವ್ರು ಮೂರ್ ತಿಂಗ್ಳು ಏನ್ ಉಣ್ತಾರೆ?”

“ಮುದ್ದೆ, ತಾಯಿ.”

“ಯಾವ್ ರಾಗಿದು?”

ನಾನು ಗೋಡೆಯ ಕಡೆ ನೋಡಿದೆ.

“ಅಂಗನ್ನಿ! ಆ ಬೋರಣ್ಣನ ಒಟ್ಟೆ ನೋಡುದ್ರೆ ತಿಂಗ್ಳೊಳ್ಗೆ ನನ್ ಸೊಸೆ ಬೀದಿಗೇ ಕಾಣ್ಸ್ತಾಳೆ.”

ಚೌಕಾಸಿಯಲ್ಲಿ ಸೋತು ಗೊತ್ತಿಲ್ಲದ ನಾನು ಅಲ್ಲೇ ಹೊಸ ಸೂತ್ರ ರಚಿಸಿದೆ: ಗೋಡೆ ಒಂದಡಿ ಇಳಿದರೆ ನೋಡಲು ಬಂದವರನ್ನೂ ಒಂದಡಿ ಇಳಿಸುವುದು. ಮೊದಲು ಕುರ್ಚಿ, ಆಮೇಲೆ ಮಣೆ, ಕೊನೆಗೆ ಚಾಪೆ. ಕೆಂಪಮ್ಮ ತಲೆದೂಗಿದರು, ಆದರೆ ಒಪ್ಪಲಿಲ್ಲ.

“ನಾಮಕರಣದಗಂಟ ಒಂದ್ ಮೂಟೇನೂ ಮುಟ್ಟಂಗಿಲ್ಲ. ಅಲ್ಲೀಗಂಟ ಇವ್ರು ಮೇಲ್ಗಡೆ ಮನೇಲಿ ಉಣ್ಲಿ.”

ಮೇಲ್ಗಡೆ ಮನೆಯೆಂದರೆ ನನ್ನದು. ಸಾಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಜೀವಮಾನದಲ್ಲಿ ಮೊದಲ ಬಾರಿಗೆ, ಕೇಳಿದ ಬೆಲೆಗೇ ಒಪ್ಪಿಕೊಂಡೆ.

ಹೀಗೆ ಮಂಜುಳಾ ಬಂದಳು, ಹೆಣ್ಣುಮಗು ಬಂತು. ಬೋರೇಗೌಡ ಎರಡು ಹೊತ್ತೂ ನಮ್ಮಲ್ಲಿ ಬಂದು, ಸಾರಿಗೆ ಉಪ್ಪು ಕಮ್ಮಿಯೆಂದು ನನ್ನ ಹೆಂಡತಿಗೆ ನಿಸ್ಸಂಕೋಚವಾಗಿ ತಿಳಿಸುತ್ತ ಉಂಡ. ನಾಮಕರಣಕ್ಕೆ ಎರಡು ಬಸ್ಸಿನ ತುಂಬ ನೆಂಟರು ಇಳಿದರು. ಗೋಡೆಯ ಮೇಲರ್ಧ ಮಿಲ್ಲಿಗೆ ಹೋಗಿ ಬಂದು ಒಂದೇ ಮಧ್ಯಾಹ್ನದಲ್ಲಿ ಊಟವಾಯಿತು. ‘ಗೋಡೆ ಚೆನ್ನಾಗಿತ್ತು’ ಎಂದು ಕೈ ತೊಳೆಯುತ್ತ ಹೊಗಳಿದವರೂ ಇದ್ದರು. ಅಲ್ಲಿಂದಾಚೆ ಅದು ಕರಗುತ್ತಲೇ ಹೋಗಿ, ಎರಡೂವರೆ ತಿಂಗಳಿಗೆ ಮಂಡಿಯೆತ್ತರಕ್ಕೆ ನಿಂತಿತು. ನೋಡಲು ಬಂದವರನ್ನು ಚಾಪೆಗಿಂತ ಕೆಳಕ್ಕೆ ಇಳಿಸುವ ಉಪಾಯ ನನಗೂ ತೋಚಲಿಲ್ಲ.

ಸೊಸೆ ಬಯಲಿಗೆ ಬಿದ್ದಳೆಂದು ಕೆಂಪಮ್ಮ ರಂಪ ಮಾಡಿ, ಅವಧಿಗೆ ಮುನ್ನವೇ ತಾಯಿಮಗುವನ್ನು ಕರೆದೊಯ್ಯುವುದು ಖಚಿತವೆಂದು ಸಾಕಮ್ಮ ಊಟ ಬಿಟ್ಟಿದ್ದಳು. ಕೆಂಪಮ್ಮ ಬಂದೂ ಬಂದರು. ಗಲಾಟೆಯ ನಿರೀಕ್ಷೆಯಲ್ಲಿ ನಾನು ಮೇಲೆಯೇ ಉಳಿದೆ. ಒಂದು ದಿನ ಕಳೆಯಿತು, ಮೂರು ಕಳೆದವು. ಸದ್ದಿಲ್ಲ, ಹೊರಡುವ ಸೂಚನೆಯೂ ಇಲ್ಲ. ನಾಲ್ಕನೆಯ ದಿನ, ಬಾಡಿಗೆ ಕರಾರಿನಲ್ಲಿಲ್ಲದ ಈ ತಲೆಯನ್ನು ವಿಚಾರಿಸೋಣವೆಂದು ಮನೆ ಮಾಲೀಕನ ಗಾಂಭೀರ್ಯ ಧರಿಸಿ, ಮಧ್ಯಾಹ್ನ ಕೆಳಗಿಳಿದೆ.

ಗೋಡೆಯ ಮೇಲೆ ಕಂಬಳಿ ಹಾಸಿಕೊಂಡು ಕೆಂಪಮ್ಮ ಮಲಗಿದ್ದರು. ಒಂದು ಕೈ ಅತ್ತ ಇಳಿದು ತೊಟ್ಟಿಲು ತೂಗುತ್ತಿತ್ತು. ಇನ್ನೊಂದು ಇತ್ತ ಇಳಿದು ಸಾಕಮ್ಮ ಸುತ್ತಿಕೊಡುತ್ತಿದ್ದ ಎಲೆಅಡಿಕೆಗೆ ಚಾಚಿತ್ತು.

“ಇದೇನ್ ತಾಯಿ, ಈ ಮನೇಲಿ ಜಾಗ್ವೇ ಇಲ್ಲ ಅಂತಿದ್ರಿ?”

ಆಕೆ ಗೋಡೆಯ ಮೇಲೆಯೇ ಕೊಂಚ ಸರಿದು, ಪಕ್ಕದಲ್ಲಿ ಕೈಯಿಂದ ತಟ್ಟಿ ತೋರಿಸಿದರು.

“ಜಾಗುಕ್ಕೇನ್ ಬುಡು, ಬೇಕಾದಷ್ಟೈತೆ. ನಿಂತೇ ಅವ್ನೆ ನೋಡು! ನೀನೂ ಕುಂತ್ಕೊ ಬಾರಣ್ಣ.”

ನನ್ನದೇ ಮನೆಯಲ್ಲಿ, ಆಕೆ ಬಿಟ್ಟುಕೊಟ್ಟ ಒಂದು ಗೇಣು ಜಾಗದಲ್ಲಿ, ನಾನು ಸಂಕೋಚದಿಂದ ಕುಳಿತೆ.