ಅತ್ತೆಯ ಲಿಂಗ ವಿಮಾನದ ಹೊಟ್ಟೆಗೆ ಹೋದದ್ದು

ಚಿಕ್ಕ ವಿಮಾನದಲ್ಲಿ ಕೈಬ್ಯಾಗು ಕೈಯಲ್ಲಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಹಿಂದಿನ ಸಂಜೆ ಟೇಪು ಹಿಡಿದು ಟ್ರಾಲಿಯ ಉದ್ದ ಅಗಲ ಎಲ್ಲ ಅಳೆದು, "ಕ್ಯಾಬಿನ್ ಸೈಜೇ ಇದೆ ಕಣೇ, ತಲೆ ಕೆಡಿಸ್ಕೋಬೇಡ" ಅಂದಿದ್ದರು. ಅವರು ಓಡಾಡುವುದು ಡೆಲ್ಲಿ, ಬಾಂಬೆಗೆ, ದೊಡ್ಡ ವಿಮಾನಗಳಲ್ಲಿ. ನಾನು ಮತ್ತು ಅತ್ತೆ ಹೊರಟಿದ್ದು ಕಲಬುರಗಿಗೆ. ಆ ಕಡೆಗೆ ಹಾರುವ ವಿಮಾನ ನಮ್ಮ ಬಿ.ಎಂ.ಟಿ.ಸಿ. ಬಸ್ಸಿಗಿಂತ ಒಂದಿಷ್ಟು ಉದ್ದ, ಅಗಲದಲ್ಲಿ ಅದಕ್ಕಿಂತಲೂ ಕಡಿಮೆ. ಗಂಡಸರ ಅಳತೆಯನ್ನು ನಂಬಿದ್ದಕ್ಕೆ ಆಮೇಲೆ ನನ್ನನ್ನು ನಾನೇ ಸಾಕಷ್ಟು ಬೈದುಕೊಂಡೆ.

ಹೊರಡಬೇಕಾಗಿ ಬಂದದ್ದು ಅತ್ತೆಯ ಅಕ್ಕನಿಂದ. ಅವರು ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು ಕಲಬುರಗಿಯಲ್ಲಿ ಮಲಗಿದ್ದರು. ದಿನಾ ಫೋನು. "ಒಮ್ಮೆ ಬಂದು ಮಾರಿ ತೋರ್ಸಿ ಹೋಗವಾ" ಎನ್ನುವುದು, ಇಬ್ಬರೂ ಎರಡು ಕಡೆ ಅಳುವುದು. ಹಬ್ಬದ ಸಮಯ, ರೈಲಿಗೆ ಟಿಕೆಟ್ ಇರಲಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂರಲು ಅತ್ತೆಯ ಮಂಡಿ ಒಪ್ಪುವುದಿಲ್ಲ. ಕೊನೆಗೆ ಅವರ ಮಗ ವಿಮಾನದ ಟಿಕೆಟ್ ತೆಗೆದರು. ಅತ್ತೆಗೆ ಅದು ಮೊದಲ ವಿಮಾನ.

ಅತ್ತೆ ಆ ಕಡೆಯವರೇ. ಮಾವನಿಗೆ ಇಲ್ಲಿ ನೌಕರಿ ಸಿಕ್ಕಿ ಬಂದು, ಅರ್ಧ ಆಯಸ್ಸನ್ನು ಬಸವೇಶ್ವರನಗರದಲ್ಲಿ ಕಳೆದರೂ ಅವರ ಮಾತು ಬದಲಾಗಲಿಲ್ಲ, ಲಿಂಗಪೂಜೆಯೂ ಬದಲಾಗಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ, ಪತ್ರೆ ಇಟ್ಟು, ಅದನ್ನೇ ನೋಡುತ್ತ ಕೂತುಬಿಡುತ್ತಾರೆ. ಚಿಕ್ಕ ಹುಡುಗಿಯಾಗಿದ್ದಾಗ ದೀಕ್ಷೆಯಾದ ದಿನದಿಂದ ಲಿಂಗ ಮೈಮೇಲಿಲ್ಲದೆ ಒಂದು ಗುಟುಕು ನೀರೂ ಅವರ ಗಂಟಲಲ್ಲಿ ಇಳಿದಿಲ್ಲ. ಪಿತ್ತಕೋಶದ ಆಪರೇಷನ್ ದಿನವೂ ಡಾಕ್ಟರ ಹತ್ತಿರ ವಾದ ಮಾಡಿ, ತೋಳಿಗೆ ಕಟ್ಟಿಸಿಕೊಂಡೇ ಥಿಯೇಟರಿನ ಒಳಗೆ ಹೋದ ಗಟ್ಟಿಗಿತ್ತಿ.

ನನ್ನ ತವರು ಚಂದ್ರಾ ಲೇಔಟು. ನಮ್ಮದು ಲಿಂಗ ಕಟ್ಟುವ ಮನೆಯಲ್ಲ. ಪ್ರೀತಿಸಿ ಮದುವೆಯಾಗಿ ಈ ಮನೆಗೆ ಬಂದವಳು ನಾನು. ಅತ್ತೆ ಅದಕ್ಕಾಗಿ ಒಂದು ದಿನವೂ ನನ್ನನ್ನು ಆಡಿಕೊಂಡವರಲ್ಲ, ಲಿಂಗ ಕಟ್ಟಿಕೋ ಎಂದು ಹಟ ಮಾಡಿದವರೂ ಅಲ್ಲ. ಆದರೆ ಪೂಜೆಯ ತಟ್ಟೆಯನ್ನು ತೊಳೆಯಲು ಹೋದರೆ ಮಾತ್ರ, "ನೀ ಬ್ಯಾಡವಾ, ನಾ ತೊಳಕೋತೀನಿ" ಎಂದು ಮೆತ್ತಗೆ ಕಿತ್ತುಕೊಳ್ಳುತ್ತಿದ್ದರು. ಮೊದಮೊದಲು ನನಗೆ ಉರಿದುಹೋಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಸುಳ್ಳು ಯಾಕೆ ಹೇಳಲಿ, ಅಭ್ಯಾಸವಾಯಿತೇ ಹೊರತು ನೋವು ಪೂರ್ತಿ ಹೋಗಿರಲಿಲ್ಲ.

ಈ ಕತೆಗೆ ಕಡ್ಡಿ ಗೀರಿದ್ದು ನಮ್ಮ ಮನೆಯ ಕೆಳಗಿನ ಪೋರ್ಷನ್ನಿನ ಬಾಡಿಗೆಯಾಕೆ. ಒಂದೇ ಒಂದು ಸಲ ವಿಮಾನ ಹತ್ತಿದ್ದಾಳೆ, ಮಾತು ಮಾತ್ರ ಪೈಲಟ್ಟಿನದು. "ಆಂಟಿ, ಏರ್‌ಪೋರ್ಟಲ್ಲಿ ಪೊಲೀಸಿನವ್ರು ಮೈಯೆಲ್ಲಾ ತಡವಿ ನೋಡ್ತಾರೆ. ಕತ್ತಿನಲ್ಲಿ ಇರೋದನ್ನ ಬಿಚ್ಚಿಸಿ, ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ಮುರುಗಿಸಿ ನೋಡ್ತಾರೆ" ಎಂದು ಅತ್ತೆಯ ಕಿವಿಗೆ ಊದಿ ಹೋಗಿದ್ದಳು. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಹೊರಡುವ ಬೆಳಿಗ್ಗೆ ಅತ್ತೆ ಬೇಗ ಎದ್ದು ಪೂಜೆ ಮುಗಿಸಿ, ಶುಗರ್ ಮಾತ್ರೆ ನುಂಗಿ, ಅರ್ಧ ರೊಟ್ಟಿ ತಿಂದು ಕ್ಯಾಬು ಹತ್ತಿದರು. ಸೆಕ್ಯೂರಿಟಿ ಸಾಲು ಹನುಮಂತನ ಬಾಲ. ಪರದೆಯೊಳಗೆ ಹೋದ ಅತ್ತೆ ಅರೆಕ್ಷಣದಲ್ಲಿ ಹೊರಗೆ ಬಂದರು. ಒಳಗಿದ್ದ ಪೊಲೀಸ್ ಹೆಣ್ಣುಮಗಳು ಕೋಲಿನಂಥ ಯಂತ್ರವನ್ನು ದೂರದಿಂದ ಆಡಿಸಿ, "ಹೋಗಿ ಅಮ್ಮ" ಅಂದಳಂತೆ, ಅಷ್ಟೇ. ಅಷ್ಟರಲ್ಲಿ ನಮ್ಮ ವಿಮಾನದ ಕೊನೆಯ ಕರೆ ಕೂಗುತ್ತಿದ್ದರು. ಓಡುವ ದಾರಿಯಲ್ಲೇ ಒಂದು ಇಡ್ಲಿ ಪೊಟ್ಟಣ ಕೊಂಡು, "ವಿಮಾನದ ತನಕ ಬಿಡೋ ಬಸ್ಸಲ್ಲಿ ತಿಂದ್ಬಿಡಿ ಅತ್ತೆ" ಅಂದೆ. "ಈಗ ಬ್ಯಾಡ, ಆಮ್ಯಾಲ" ಅಂದರು. ಮೊದಲ ವಿಮಾನದ ಹೆದರಿಕೆಗೆ ಹೊಟ್ಟೆ ಮುಚ್ಚಿಕೊಂಡಿರಬೇಕು ಅಂದುಕೊಂಡೆ.

ಬಸ್ಸು ನಮ್ಮನ್ನು ವಿಮಾನದ ಮೆಟ್ಟಿಲ ಹತ್ತಿರ ಇಳಿಸಿತು. ಅಲ್ಲಿ ಹಳದಿ ಕೋಟಿನ ಒಬ್ಬರು ನಿಂತು, ಎಲ್ಲರ ಟ್ರಾಲಿಗೂ ಒಂದೊಂದು ಚೀಟಿ ಕಟ್ಟಿ ಪಕ್ಕದ ಗಾಡಿಗೆ ಎಸೆಯುತ್ತಿದ್ದರು.

"ಮೇಡಂ, ಈ ಬ್ಯಾಗ್ ಒಳಗಡೆ ಹಿಡಿಯಲ್ಲ. ಮೇಲಿನ ಗೂಡು ಚಿಕ್ಕದು. ಇಲ್ಲೇ ಬಿಡಿ, ಇಳಿದ ಮೇಲೆ ಮೆಟ್ಟಿಲ ಹತ್ರಾನೇ ಕೊಡ್ತಾರೆ. ಮಾತ್ರೆ, ಪವರ್ ಬ್ಯಾಂಕ್, ಬೆಲೆಬಾಳೋದು ಏನಾದ್ರೂ ಇದ್ರೆ ತೆಕ್ಕೊಳಿ."

ನಾನು ಮೇಲಿನ ಜಿಪ್ಪು ಎಳೆದು ಪವರ್ ಬ್ಯಾಂಕು, ಮಾತ್ರೆಯ ಚೀಲ ತೆಗೆದುಕೊಂಡೆ. ಅತ್ತೆ ನನ್ನ ಪಕ್ಕದಲ್ಲೇ ನಿಂತು ಬ್ಯಾಗನ್ನೇ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದ ಹಾಗೂ ಇತ್ತು. ಹಿಂದಿನಿಂದ ಯಾರೋ, "ಬೇಗ ಬೇಗ ಆಗ್ಲಿ" ಎಂದರು. ಟ್ರಾಲಿ ಗಾಡಿಗೆ ಹೋಯಿತು, ನಾವು ಮೆಟ್ಟಿಲು ಹತ್ತಿದೆವು. ಒಳಗೆ ತಲೆ ಬಗ್ಗಿಸಿಯೇ ನಡೆಯಬೇಕು. ಒಂದು ಬದಿಗೆ ಒಂಟಿ ಸೀಟು, ಇನ್ನೊಂದು ಬದಿಗೆ ಜೋಡಿ ಸೀಟು. ಜೋಡಿಯಲ್ಲಿ ಅತ್ತೆ ಕಿಟಕಿಗೆ, ನಾನು ಇತ್ತ ಕೂತೆವು. ಬಾಗಿಲು ಮುಚ್ಚಿತು, ಬೆಲ್ಟು ಬಿಗಿದದ್ದಾಯಿತು.

"ಪೆಟಿಗಿ ಯಾವಾಗ ಕೊಡ್ತಾರವಾ?" ಅಂತ ಅತ್ತೆ ಕೇಳಿದರು.

"ಕಲಬುರಗೀಲಿ ಇಳಿದ ಮೇಲೆ ಅತ್ತೆ."

"ಅಯ್ಯ ಶಿವನೆ! ಅದ್ರಾಗ ಲಿಂಗ ಅದ."

ಅವರ ಕೊರಳು ನೋಡಿದೆ. ಸೆರಗಿನ ಕೆಳಗೆ ಏನೂ ಇರಲಿಲ್ಲ. ಅಷ್ಟು ವರ್ಷದಲ್ಲಿ ಆ ಕೊರಳನ್ನು ಬರಿದಾಗಿ ನೋಡಿದ್ದು ಅದೇ ಮೊದಲು. ಪಾಪ, ಕೆಳಗಿನ ಮನೆಯಾಕೆಯ ಮಾತು ಕೇಳಿ, ಯಾರ್ಯಾರ ಕೈಯೋ ಲಿಂಗಕ್ಕೆ ತಾಗುತ್ತದಲ್ಲ ಎಂದು ಹೆದರಿ, ಮನೆಯಲ್ಲೇ ಕರಡಿಗೆ ಸಮೇತ ತೆಗೆದು ಮಡಿಬಟ್ಟೆಯಲ್ಲಿ ಸುತ್ತಿ ಟ್ರಾಲಿಯ ತಳದಲ್ಲಿ ಇಟ್ಟಿದ್ದರು. ಪೊಲೀಸಿನವರನ್ನು ದಾಟಿದ ಮೇಲೆ ಒಂದು ಮೂಲೆ ನೋಡಿ ಕಟ್ಟಿಕೊಳ್ಳುವುದು ಅವರ ಲೆಕ್ಕಾಚಾರ. ಮೂಲೆ ಸಿಗುವಷ್ಟರಲ್ಲಿ ಬಸ್ಸು ಬಂದಿತ್ತು.

"ಮೊದ್ಲೇ ಹೇಳೋಕೆ ನಿಮ್ಗೆ ಏನಾಗಿತ್ತು ಅತ್ತೆ?" ನನ್ನ ದನಿ ಏರಿತು. ನನಗೆ ಹೆದರಿಕೆಯಾದರೆ ಮೊದಲು ಬರುವುದು ಕೋಪವೇ.

"ಅಷ್ಟು ಗಂಡಸರ ಎದುರಿಗಿ ಹ್ಯಾಂಗ ತೆಗೀಲಿ? ಬಸ್ಸಿನಾಗ ಡಿಕ್ಕ್ಯಾಗ ಇಟ್ಟಂಗ ಇಲ್ಲೇ ಹಿಂದ ಇಡ್ತಾರ, ಎದ್ದು ಹೋಗಿ ತೊಗೋಬಹುದಂತ ತಿಳಕೊಂಡಿದ್ದೆ."

ಗಗನಸಖಿಯನ್ನು ಕರೆದೆ. ನಮ್ಮ ಮನೆಯ ಹುಡುಗಿಯರಷ್ಟೇ ವಯಸ್ಸು. "ಸಾರಿ ಮ್ಯಾಮ್, ಲಗೇಜೆಲ್ಲ ಲೋಡ್ ಆಗಿ ಬಾಗ್ಲು ಲಾಕ್ ಆಗಿದೆ" ಅಂದಳು. "ಲಾಕೋ ಗೀಕೋ, ತೆಗೆಯೋದು ಐದು ನಿಮಿಷದ ಕೆಲ್ಸ ಕಣಮ್ಮಾ" ಎಂದು ನಾನು ಜಗಳಕ್ಕೇ ನಿಂತೆ. ಅವಳು ನೊಂದುಕೊಳ್ಳದೆ ಹೋಗಿ ಪೈಲಟ್ಟನ್ನೂ ಕೇಳಿ ಬಂದಳು. ಆಗುವುದಿಲ್ಲ ಎಂದು ತಲೆ ಅಲ್ಲಾಡಿಸುವಾಗ ಅವಳಿಗೂ ಬೇಜಾರಾಗಿತ್ತು. ಇನ್ನೇನು, ಸ್ವಲ್ಪ ಹೊತ್ತಲ್ಲಿ ಕಲಬುರಗಿ ಬಂದುಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ವಿಮಾನ ಹಾರಲೇ ಇಲ್ಲ. ಮೇಲೆ ಮೋಡವಂತೆ, ಮುಂದೆ ಸಾಲಂತೆ. ನಿಂತಲ್ಲೇ ನಿಂತು ನಿಂತು, ಊಟದ ಹೊತ್ತು ಹತ್ತಿರವಾದಾಗ ಮೇಲಕ್ಕೆದ್ದಿತು. ಇಡ್ಲಿ ಪೊಟ್ಟಣ ಮುಂದೆ ಹಿಡಿದೆ, ಬೇಡ. ನೀರು ಕೊಟ್ಟೆ, ಅದೂ ಬೇಡ. ಲಿಂಗ ಮೈಮೇಲಿಲ್ಲವಲ್ಲ. ಆ ಹೊತ್ತಿಗೆ ಅತ್ತೆಯ ಹಣೆಯಲ್ಲಿ ಬೆವರು ಮಣಿಮಣಿಯಾಗಿ ನಿಂತಿತ್ತು. ಎ.ಸಿ. ಗಾಳಿಯಲ್ಲಿ ಬೆವರೇ! ಕೈ ಹಿಡಿದರೆ ತಣ್ಣಗೆ ಕೊರೆಯುತ್ತಿತ್ತು, ಬೆರಳು ಥರಥರ ಅದುರುತ್ತಿದ್ದವು. ಶುಗರ್ ಇಳಿದಿದೆ ಎಂದು ನನಗೆ ಗೊತ್ತಾಯಿತು. ಒಮ್ಮೆ ಮನೆಯಲ್ಲೂ ಹೀಗಾಗಿ, ಕಣ್ಣೆದುರೇ ನೆಲಕ್ಕೆ ಬಿದ್ದಿದ್ದರು. ಇಲ್ಲಿ ಮೋಡದ ಮೇಲೆ ಯಾವ ಡಾಕ್ಟರನ್ನು ಕರೆಯಲಿ? ಗಗನಸಖಿ ಓಡಿಹೋಗಿ ಹಣ್ಣಿನ ರಸ ತಂದಳು, ಅದಕ್ಕೆ ಎರಡು ಪೊಟ್ಟಣ ಸಕ್ಕರೆಯನ್ನೂ ಸುರಿದಳು.

"ಕುಡೀರಿ ಅತ್ತೆ. ಒಂದೇ ಗುಟುಕು."

ಅತ್ತೆ ತುಟಿ ಬಿಗಿ ಹಿಡಿದು, ಮುಖವನ್ನು ಕಿಟಕಿಗೆ ತಿರುಗಿಸಿಕೊಂಡರು. "ಲಿಂಗಿಲ್ದ ಹ್ಯಾಂಗ ಕುಡೀಲಿ?"

"ಹೆಚ್ಚುಕಡಿಮೆ ಆದ್ರೆ ನಿಮ್ಮ ಮಗನಿಗೆ ನಾನು ಏನು ಹೇಳ್ಲಿ?"

"ಹೋದ್ರ ಹೋಗ್ತೀನಿ. ಸಣ್ಣಾಕಿ ಇದ್ದಾಗಿಂದ ಹಿಡಿದದ್ದು, ಮುದುಕಿ ಆದ ಮ್ಯಾಲ ಬಿಡ್ಲೇನು?"

ಹೇಳುವಾಗ ನಾಲಿಗೆ ತೊದಲುತ್ತಿತ್ತು. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ನನ್ನಮ್ಮ ಸತ್ತ ಮೇಲೆ ನನ್ನ ಬಾಣಂತನ ಮಾಡಿದ್ದು ಈ ಹೆಂಗಸು. ತಲೆಗೆ ಎಣ್ಣೆ ಹಚ್ಚಿ ನೀರು ಹೊಯ್ದದ್ದು, ಮೆಣಸಿನ ಸಾರು ಕುಡಿಸಿದ್ದು ಇದೇ ಕೈ. ಈಗ ಆ ಕೈ ನನ್ನ ಕೈಯಲ್ಲಿ ಅದುರುತ್ತಿದೆ, ನನ್ನ ಕಡೆ ಬರೀ ಒಂದು ಲೋಟ ರಸ ಇದೆ. ಏನು ಹೇಳುತ್ತಿದ್ದೇನೆ ಎಂಬ ಅಂದಾಜೂ ಇಲ್ಲದೆ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ದಿನಾ ಬೆಳಿಗ್ಗೆ ಅಷ್ಟು ಹೊತ್ತು ಅದನ್ನೇ ನೋಡ್ತಾ ಕೂತಿರ್ತೀರಲ್ಲ ಅತ್ತೆ. ಇವತ್ತು ಒಂದು ಗಳಿಗೆ ಅದು ಎದುರಿಗಿಲ್ಲದೇ ಇದ್ರೆ ನಿಮ್ಗೆ ಕಾಣೋದೇ ಇಲ್ವಾ? ಹಂಗಾದ್ರೆ ಇಷ್ಟು ವರ್ಷ ನೋಡಿದ್ದು ಏನು?"

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಪೂಜೆಯ ತಟ್ಟೆಯನ್ನೂ ಮುಟ್ಟದ ನಾನು ಅವರಿಗೆ ಲಿಂಗದ ಪಾಠ ಹೇಳುವುದೇ! ಅತ್ತೆ ಮುಖ ಈ ಕಡೆ ತಿರುಗಿಸಿ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನಿಧಾನಕ್ಕೆ ತಮ್ಮ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಬಿಡಿಸಿದರು. ಅದು ನಿಲ್ಲಲೊಲ್ಲದು, ಗಡಗಡ ನಡುಗಿ ತೊಡೆಯ ಮೇಲೆ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು.

ಆಗ ಅತ್ತೆ ನನ್ನ ಎಡಗೈ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಅಂಗೈಯನ್ನು ಮೇಲೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿ, ತಮ್ಮ ಎದೆಯ ಹತ್ತಿರ ಹಿಡಿದುಕೊಂಡು ಅದನ್ನೇ ನೋಡಿದರು. ಬೆಳಿಗ್ಗೆ ಮನೆಯಲ್ಲಿ ನೋಡುವ ಅದೇ ನೋಟ. ನನ್ನ ಅಂಗೈಯಲ್ಲಿ ಏನಿತ್ತು? ಬೆಳಿಗ್ಗೆ ಒಗ್ಗರಣೆ ಸಿಡಿದು ಆದ ಒಂದು ಕೆಂಪು ಬೊಬ್ಬೆ, ಟ್ರಾಲಿ ಎಳೆದ ಗೆರೆ. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಮುಗಿದ ಮೇಲೆ ನನ್ನ ಅಂಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ರೆಪ್ಪೆ ಒದ್ದೆಯಾಗಿತ್ತು.

"ತಾ" ಎಂದರು.

ರಸ ಕುಡಿಸಿದೆ. ಪೂರ್ತಿ ಕುಡಿದರು. ಗಗನಸಖಿ ಇನ್ನೊಂದು ಲೋಟ ತಂದಳು, ಅದನ್ನೂ ಕುಡಿದರು. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಬೆರಳಿಗೆ ಬಿಸಿ ಬಂತು. ನನ್ನ ಕೈಯನ್ನು ಮಾತ್ರ ಅವರು ಬಿಡಲಿಲ್ಲ. ನನಗೆ ಮೂಗು ಒರೆಸಿಕೊಳ್ಳಬೇಕಾಗಿತ್ತು, ಬಲಗೈಯಲ್ಲೇ ಒರೆಸಿಕೊಂಡೆ. ವಿಮಾನ ಇಳಿಯುವಾಗ ಕೆಳಗೆ ಕಪ್ಪು ಮಣ್ಣಿನ ಹೊಲಗಳು ಕಂಡವು. ಅತ್ತೆ ಕಿಟಕಿಯತ್ತ ತಲೆ ಹಾಕಲಿಲ್ಲ.

ಮೆಟ್ಟಿಲ ಕೆಳಗೆ ಟ್ರಾಲಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅತ್ತೆ ಮಂಡಿನೋವು ಮರೆತು ಎಲ್ಲರಿಗಿಂತ ಮುಂದೆ ಹೋಗಿ ನಮ್ಮದರ ಹಿಡಿ ಹಿಡಿದರು, ನನಗೆ ಎಳೆಯಲೂ ಬಿಡಲಿಲ್ಲ. ಒಳಗೆ ಹೆಂಗಸರ ಬಚ್ಚಲಿನ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕರಡಿಗೆ ಸೆರಗಿನ ಕೆಳಗೆ ತನ್ನ ಜಾಗದಲ್ಲಿತ್ತು. ಇಬ್ಬರೂ ಆಟೋ ಹತ್ತಿದೆವು. ಒಳಗೊಳಗೇ ನನಗೊಂದು ಕೊರೆತ ಶುರುವಾಗಿತ್ತು. ನನ್ನ ಮಾತಿಗೆ ಕಟ್ಟುಬಿದ್ದು, ಜೀವಮಾನವಿಡೀ ಕಾಯ್ದುಕೊಂಡದ್ದನ್ನು ಇವತ್ತು ಬಿಟ್ಟುಕೊಟ್ಟರಲ್ಲ, ನಾಳೆ ಮನಸ್ಸಿಗೆ ಹಚ್ಚಿಕೊಂಡು ಕೊರಗಿದರೆ?

ಅತ್ತೆಯ ಅಕ್ಕ ಮನೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅಕ್ಕತಂಗಿ ಅಪ್ಪಿಕೊಂಡು ಅತ್ತದ್ದು, ಮೂಳೆಯ ಸುದ್ದಿ, ಡಾಕ್ಟರ ಸುದ್ದಿ ಎಲ್ಲ ಆಯಿತು. ಅತ್ತೆಗೆ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಪೆಟ್ಟಿಗೆ, ಲಿಂಗ, ಬೆವರು, ರಸ, ಒಂದನ್ನೂ ಬಿಡದೆ ಹೇಳಿಬಿಟ್ಟರು, ನನ್ನ ಕೈಯ ವಿಷಯ ಒಂದನ್ನು ಬಿಟ್ಟು. ನಾನು ಬಾಗಿಲ ಹತ್ತಿರ ನೀರಿನ ಚೊಂಬು ಹಿಡಿದು ನಿಂತಿದ್ದೆ. ಅಕ್ಕ ಅತ್ತೆಗಿಂತಲೂ ಕಟ್ಟುನಿಟ್ಟು. ಕೇಳುತ್ತ ಕೇಳುತ್ತ ಅವರ ಮುಖ ಬಿಗಿಯಾಯಿತು.

"ಅಂದ್ರ ಲಿಂಗಿಲ್ದ ಕುಡಿದಿ? ಅಪ್ಪ ನಮ್ಮಿಬ್ಬರಿಗೂ ಒಂದೇ ದಿನ ದೀಕ್ಷಾ ಕೊಡಿಸ್ಯಾನ. ಸೊಂಟ ಮುರಿದು ಬಿದ್ದಾಗೂ ನಾ ತಪ್ಪಿಸಿಲ್ಲ. ನೀ ಹ್ಯಾಂಗ ಕುಡಿದಿ?"

ತಪ್ಪು ನನ್ನದು, ನಾನೇ ಬಲವಂತ ಮಾಡಿದೆ ಎಂದು ಹೇಳಲು ಒಂದು ಹೆಜ್ಜೆ ಮುಂದೆ ಇಟ್ಟೆ. ಅತ್ತೆ ನನ್ನ ಕಡೆ ನೋಡದೆ, ಅಕ್ಕನ ಹೊದಿಕೆಯನ್ನು ಸರಿಮಾಡುತ್ತ ಹೇಳಿದರು:

"ಲಿಂಗಿಲ್ದ ಯಾಕ ಕುಡೀಲಿ ಅಕ್ಕ? ಲಿಂಗಿತ್ತು. ನನ್ನ ಸೊಸಿ ಕೈಯಾಗಿತ್ತು."